ಕಬರಿಯನ್ನು ಆಲಮಟ್ಟಿಗೆ ಕಳಿಸಿದ್ದು

ಮುಂಜಾನೆ ಒಲೆ ಹೊತ್ತಿಸುವ ಮೊದಲೇ ನೆಲ ಒರೆಸಬೇಕಾಗಿ ಬಂದರೆ ಆ ದಿನವಿಡೀ ವಿಜಯಲಕ್ಷ್ಮಿಗೆ ಸೊಂಟ ಹಿಡಿದುಕೊಂಡಿರುತ್ತಿತ್ತು. ಈಚೆಗೆ ಅಂಥ ದಿನಗಳೇ ಹೆಚ್ಚು. ಅವತ್ತೂ ಅಡುಗೆಮನೆಯ ಲೈಟು ಹಾಕಿ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಅಂಗಾಲಿಗೆ ತಣ್ಣಗೆ ಜಿಗುಟಾಗಿ ಏನೋ ತಾಗಿತು. ಏನೆಂದು ಬಗ್ಗಿ ನೋಡಬೇಕಾಗಿರಲಿಲ್ಲ. ಹಿಟ್ಟಿನ ಡಬ್ಬಿಯ ಪಕ್ಕದಿಂದ ಬಾಗಿಲ ತನಕ ಬೆಕ್ಕು ನೀರುನೀರಾಗಿ ಹೊಲಸು ಮಾಡಿಕೊಂಡು ಹೋಗಿತ್ತು.

ಹಿಮ್ಮಡಿಯ ಮೇಲೆ ಕುಂಟುತ್ತ ಬಚ್ಚಲಿಗೆ ಹೋಗಿ ಕಾಲು ತೊಳೆದು ಬಂದಳು. ಬೂದಿ ಚೆಲ್ಲಿ, ರಟ್ಟಿನ ತುಂಡಿನಿಂದ ಬಳಿದು ತೆಗೆದು, ಫಿನೈಲ್ ಹಾಕಿ ಎರಡು ಸಲ ಒರೆಸಿದಳು. ಅಷ್ಟರಲ್ಲಿ ಪಡಸಾಲೆಯಿಂದ ಅತ್ತೆ ಸಿದ್ದಲಿಂಗವ್ವನ ದನಿ ಬಂತು.

"ಮತ್ತ ಮಾಡೇತೇನ?"

"ಮಾಡೇತ್ರಿ."

"ಇಲ್ಲಿ ನಾ ಹಾಸ್ಕೊಂಡ ಕೌದಿ ಮ್ಯಾಲೂ ಮಾಡೇತಿ. ನಾನ ತೊಳದ ಹಾಕೇನಿ, ನೀ ಏನ ಬರಬ್ಯಾಡ. ಈ ಬೆಕ್ಕಿನ ಸಲುವಾಗಿ ಲಿಂಗಪೂಜಿಗಿ ಕುಂದ್ರಾಕ ಒಂದು ಒಣಾ ಜಾಗ ಉಳದಿಲ್ಲ ಮನ್ಯಾಗ."

ವಿಜಯಲಕ್ಷ್ಮಿಯ ಗಂಡ ಅನಿಲ ಅಂಗಿ ತೊಡುತ್ತ ಹೊರಗೆ ಬಂದ. ಅವನಿಗೆ ಆಲಮಟ್ಟಿ ಬಸ್ಸು ಹಿಡಿಯುವ ಅವಸರ.

"ರಾತ್ರಿ ಅದನ್ನ ಹೊರಗ ಹಾಕಾಕ ಏನಾಗೇತಿ?"

"ಹೊರಗ ನಾಯಿ ಅದಾವ ಪಪ್ಪಾ," ಹಾಸಿಗೆಯಲ್ಲಿದ್ದಲ್ಲಿಂದಲೇ ಮಗಳು ಶಿವಲೀಲಾ ಹೇಳಿದಳು. ಬೆಕ್ಕು ಅವಳ ಕಾಲ ಬುಡದಲ್ಲಿ, ತನಗೂ ಈ ಮಾತಿಗೂ ಸಂಬಂಧವೇ ಇಲ್ಲವೆಂಬಂತೆ ಸುರುಳಿ ಸುತ್ತಿಕೊಂಡು ಮಲಗಿತ್ತು.

"ನಾಯಿ ಅದಾವಂತ ನಾವು ಹೊಲಸಿನ್ಯಾಗ ಕುಂದ್ರೂನೇನ?" ಎಂದಳು ಸಿದ್ದಲಿಂಗವ್ವ.

"ಯಾರ ಕುಂತೀರಿ?" ಎಂದಳು ವಿಜಯಲಕ್ಷ್ಮಿ, ಒರೆಸಿದ ಅರಿವೆ ಹಿಂಡುತ್ತ. "ದಿನಾ ಬಳದಾಕಿ ನಾ ಒಬ್ಬಾಕಿ."

ಅನಿಲ ಚಪ್ಪಲಿ ಮೆಟ್ಟಿ ಹೋದ.

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆಗೆ ರೊಟ್ಟಿ ಮನೆಯೆಂದೇ ಹೆಸರು. ಅನಿಲ ಕಾಲುವೆಯ ಗೇಟು ನೋಡಿಕೊಳ್ಳುವ ಸಣ್ಣ ಪಗಾರದ ಆಳು. ಮನೆ ನಡೆಯುವುದು ಅತ್ತೆ ಸೊಸೆ ಕೂಡಿ ಬಡಿಯುವ ಜೋಳದ ರೊಟ್ಟಿಯ ಮೇಲೆ. ಅದರಲ್ಲೂ ಸಿದ್ದಲಿಂಗವ್ವನ ಕೈ ಎಂದರೆ ಕೈ. ಎಪ್ಪತ್ತು ದಾಟಿದ್ದರೂ ಅವಳು ಬಡಿದ ರೊಟ್ಟಿ ಹಾಳೆಯಷ್ಟು ತೆಳ್ಳಗಾಗಿ, ಎಲ್ಲೂ ಹರಿಯದೆ, ಹಂಚಿನ ಮೇಲೆ ತುಂಬಿಕೊಂಡು ಏಳುತ್ತಿತ್ತು. ಖಾನಾವಳಿಯ ಕಾಂತು ಊರಿನ ನಾಲ್ಕಾರು ಮನೆಗಳ ರೊಟ್ಟಿ ಒಯ್ದು ನೋಡಿ, ಕೊನೆಗೆ ಇಲ್ಲಿಗೇ ಬಂದು ನಿಂತಿದ್ದ.

ಬೆಕ್ಕು ಬಂದದ್ದೂ ಈ ರೊಟ್ಟಿಯ ಸಲುವಾಗಿಯೇ. ಜೋಳದ ಚೀಲಗಳಿಗೆ ಇಲಿ ಹತ್ತಿದಾಗ ಶಿವಲೀಲಾ ನಾಲತವಾಡದ ಚಿಕ್ಕಮ್ಮನ ಮನೆಯಿಂದ ಒಂದು ಮರಿ ತಂದಿದ್ದಳು. ಬಿಳಿಯ ಮೈಮೇಲೆ ಅಲ್ಲಲ್ಲಿ ಕರಿ ಮಚ್ಚೆ. ಎದುರು ಮನೆಯ ಜೋಹರಾಬಿ ಅದನ್ನು ನೋಡಿ "ಕಬರಿ ಐತಿ" ಎಂದಳು, ಅಂದರೆ ಮಚ್ಚೆಮಚ್ಚೆಯದು. ಅದೇ ಹೆಸರಾಯಿತು. ವರ್ಷವೊಂದರ ತನಕ ಎಲ್ಲ ಚೆನ್ನಾಗಿತ್ತು. ಇಲಿ ಹೋದವು. ಆಮೇಲೆ ಕಬರಿಯ ಹೊಟ್ಟೆ ಕೆಟ್ಟಿತು. ಕೆಟ್ಟದ್ದು ಸರಿಯಾಗಲಿಲ್ಲ. ನಾಲ್ಕು ದಿನ ನಿಂತಂತೆ ಮಾಡಿ ಮತ್ತೆ ಶುರುವಾಗುತ್ತಿತ್ತು. ಮೈಯ ಕೂದಲು ಒರಟಾಗಿ, ಬೆನ್ನೆಲುಬು ಕೈಗೆ ಹತ್ತುವಂತಾಯಿತು.

ಆ ವಾರ ವಿಜಯಲಕ್ಷ್ಮಿ ಮಗಳನ್ನು ಕರೆದುಕೊಂಡು ಪಶು ದವಾಖಾನೆಗೆ ಹೋದಳು. ಎಮ್ಮೆ, ಆಡು, ಕರುಗಳ ನಡುವೆ ಬುಟ್ಟಿ ಹಿಡಿದು ನಿಂತವರು ಇವರಿಬ್ಬರೇ. ಡಾಕ್ಟರರು ಕಬರಿಯ ಹೊಟ್ಟೆ ಒತ್ತಿ ನೋಡಿ, ಬಾಯಿ ತೆರೆಸಿ ನೋಡಿ, ಏನು ಹಾಕುತ್ತೀರೆಂದು ಕೇಳಿದರು.

"ಹಾಲು ರೊಟ್ಟಿ ಹಾಕ್ತೇವ್ರಿ. ಒಮ್ಮೊಮ್ಮೆ ಮೊಸರನ್ನ."

"ಅದನ್ನೆಲ್ಲ ಬಂದ್ ಮಾಡ್ರಿ. ಇದರ ಕರುಳಿಗೆ ಬಾವು ಹಿಡದೈತಿ, ಹಾಲು ಜೋಳ ಅದಕ್ಕ ಆಗಿ ಬರೂದಿಲ್ಲ. ಉಪ್ಪು ಖಾರ ಇಲ್ಲದ ಕುದಿಸಿದ ಕೋಳಿ ಹಾಕ್ರಿ, ಮೀನ ಆದ್ರೂ ನಡೀತೈತಿ. ಈ ಗುಳಿಗಿ ದಿನಾ ಅರ್ಧ."

"ಎಷ್ಟ ದಿನಾ ಸರ್?" ಶಿವಲೀಲಾ ಕೇಳಿದಳು.

"ಇದು ಇರೂ ತನಕಾನೂ ಬೇಕಾಗಬಹುದು. ಪೂರ್ತಿ ವಾಸಿ ಆಗೂ ಬ್ಯಾನಿ ಅಲ್ಲವ್ವಾ ಇದು. ಸಂಭಾಳಿಸಿಕೊಂಡ ಹೋಗಬೇಕು."

ಸಂಭಾಳಿಸುವುದು ಅಂದರೆ ತಾನೇ ಎಂದು ವಿಜಯಲಕ್ಷ್ಮಿಗೆ ಅಲ್ಲಿಯೇ ಗೊತ್ತಾಗಿ ಹೋಯಿತು. ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಮನೆಯ ದಾರಿ ಹಿಡಿದಳು.

ಕೋಳಿಯ ಮಾತು ಕೇಳಿದ ಸಿದ್ದಲಿಂಗವ್ವ ಹಂಚಿನಿಂದ ಕೈ ತೆಗೆದಳು. "ನಮ್ಮ ಒಲಿ ಮ್ಯಾಲ ಕೋಳಿ ಕುದಸ್ತೀರೇನ? ಕೊಳ್ಳಾಗ ಲಿಂಗಾ ಕಟಗೊಂಡು?"

"ನಾ ಕುದಸ್ತೇನಂತ ಎಲ್ಲಿ ಅಂದೆ?"

"ಮತ್ತ ಯಾರ ಕುದಸ್ತಾರ?"

ಕುದಿಸಿದವಳು ಜೋಹರಾಬಿ. ತನ್ನ ಮನೆಗೆ ತಂದದ್ದರಲ್ಲಿ ಒಂದು ಹಿಡಿ ಬೇರೆ ತೆಗೆದು, ಸಪ್ಪಗೆ ಕುದಿಸಿ, ತನ್ನ ಕಟ್ಟೆಯ ಮೇಲಿಟ್ಟು ಕರೆಯುತ್ತಿದ್ದಳು. ಕಬರಿ ಓಣಿ ದಾಟಿ ಹೋಗಿ ತಿಂದು, ಬಾಯಿ ಒರೆಸಿಕೊಂಡು ವಾಪಸ್ಸು ಬರುತ್ತಿತ್ತು. ಹದಿನೈದಿಪ್ಪತ್ತು ದಿನದಲ್ಲಿ ಅದರ ಭೇದಿ ನಿಂತಿತು. ಅಡುಗೆಮನೆಯ ನೆಲ ಒಣಗಿತು. ಆದರೂ ಅತ್ತೆಯ ಕೌದಿಯ ಮೇಲೆ ಮಾತ್ರ ಆಗೊಮ್ಮೆ ಈಗೊಮ್ಮೆ ಆಗುತ್ತಲೇ ಇತ್ತು. ಹಿತ್ತಲ ಬಾಗಿಲ ಹತ್ತಿರವೂ ಒಂದೆರಡು ಸಲ ಆಯಿತು. ಬೆಕ್ಕಿಗೆ ಆ ಜಾಗ ರೂಢಿಯಾಗಿರಬೇಕು ಎಂದುಕೊಂಡಳು ವಿಜಯಲಕ್ಷ್ಮಿ.

ಅಷ್ಟರಲ್ಲಿ ಜೋಹರಾಬಿ ಮಗಳ ಬಾಣಂತನಕ್ಕೆಂದು ಸಿಂದಗಿಗೆ ಹೋದಳು. ಶಿವಲೀಲಾಗೆ ಪಿಯುಸಿ ಎರಡನೆಯ ವರ್ಷ, ಕಾಲೇಜು, ಟ್ಯೂಷನ್ನು. ಗುಳಿಗೆಯನ್ನು ಒಂದು ದಿನ ಕೊಟ್ಟರೆ ಎರಡು ದಿನ ಮರೆಯುತ್ತಿದ್ದಳು. ಹಸಿದ ಬೆಕ್ಕು ಒಲೆಯ ಮುಂದೆ ಕುಳಿತು ಒಂದೇ ಸಮ ಕೂಗುವುದು ಕೇಳಲಾರದೆ ಸಿದ್ದಲಿಂಗವ್ವನೇ ಅದಕ್ಕೆ ಮೊಸರು ರೊಟ್ಟಿ ಕಲಸಿ ಹಾಕಿದಳು. ಮತ್ತೆ ಎಲ್ಲ ಮೊದಲಿನಂತಾಯಿತು. ಮೊದಲಿಗಿಂತ ಕೆಟ್ಟದಾಯಿತು.

ಕಾಂತು ಬಂದದ್ದು ಅಂಥ ಒಂದು ಮುಂಜಾನೆ. ರೊಟ್ಟಿ ಒಯ್ಯಲು ಅವನ ಹುಡುಗರು ಬರುವುದು ವಾಡಿಕೆ. ಅವತ್ತು ತಾನೇ ಬಂದಿದ್ದ. ಪಡಸಾಲೆಯಲ್ಲಿ ಬಟ್ಟೆಯ ಮೇಲೆ ರೊಟ್ಟಿ ಆರಹಾಕಿತ್ತು. ಅದರಿಂದ ನಾಲ್ಕು ಮೊಳ ಆಚೆ, ಚೀಲದ ಬುಡದಲ್ಲಿ, ಕಬರಿ ಬೆನ್ನು ಬಗ್ಗಿಸಿ ಕುಳಿತಿತ್ತು. ವಿಜಯಲಕ್ಷ್ಮಿ ಹಿಟ್ಟಿನ ಪರಾತ ಬಿಟ್ಟು ಓಡುವಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಕಾಂತು ಮೂಗು ಮುಚ್ಚಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಆರಹಾಕಿದ ರೊಟ್ಟಿಯತ್ತ ನೋಡಿ, "ಅಕ್ಕಾರ, ಇವತ್ತಿಂದು ಬ್ಯಾಡ್ರಿ," ಎಂದ.

"ರೊಟ್ಟಿ ಹತ್ತಿರಾನೂ ಬಂದಿಲ್ಲ ಕಾಂತು. ನೀನ ನೋಡೀದಿ."

"ನಾ ನೋಡೇನ್ರಿ. ನನ್ನ ಗಿರಾಕಿ ನೋಡಿಲ್ಲ, ಅಷ್ಟ ನನ್ನ ಪುಣ್ಯಾ. ಇದರದೊಂದು ಬಂದೋಬಸ್ತ್ ಆಗೂ ತನಕ ನಾ ಬ್ಯಾರೆ ಕಡಿ ತಗೋತೇನಿ. ಸಿಟ್ಟಾಗಬ್ಯಾಡ್ರಿ."

ಆ ದಿನ ಬಡಿದ ರೊಟ್ಟಿಯನ್ನು ಅವರೇ ಉಂಡರು, ಮರುದಿನವೂ ಉಂಡರು, ಉಳಿದದ್ದನ್ನು ಓಣಿಯ ಮನೆಮನೆಗೆ ಕೊಟ್ಟರು.

ಮರುದಿನ ಸಂಜೆ ಊಟಕ್ಕೆ ಕುಳಿತಾಗ ಅನಿಲ ಮಾತು ತೆಗೆದ. ತಾಟಿನಲ್ಲಿ ಪುಂಡಿಪಲ್ಯ, ಆ ಖಡಕ್ ರೊಟ್ಟಿ.

"ನಾಳಿ ಪ್ಯಾಟ್ಯಾಗ ಬಿಟ್ಟು ಬರ್ತೇನಿ ಅದನ್ನ."

"ಪಪ್ಪಾ, ಬ್ಯಾನಿ ಬಿದ್ದದ್ದನ್ನ ಪ್ಯಾಟ್ಯಾಗ ಬಿಡ್ತೀ? ಒಂದ ದಿನಾ ಉಳಿಯೂದಿಲ್ಲ ಅದು."

"ಹಂಗಾರ ನಿಮ್ಮ ಚಿಕ್ಕಮ್ಮಗ ವಾಪಸ್ ಕೊಡು."

"ಫೋನ್ ಮಾಡಿದ್ದೆ," ಎಂದಳು ವಿಜಯಲಕ್ಷ್ಮಿ. "ಆಕಿ ಒಲ್ಲೆ ಅಂದ್ಲು. ಚಲೋ ಇದ್ದಾಗ ಒಯ್ದು ಕೆಟ್ಟ ಮ್ಯಾಲ ಕೊಡತೀರೇನ ಅಂದ್ಲು."

"ನಾ ಗುಳಿಗಿ ಹಾಕ್ತೇನಿ," ಶಿವಲೀಲಾ ಹೇಳಿದಳು. "ಇನ್ನ ಮ್ಯಾಲ ಮರಿಯೂದಿಲ್ಲ."

"ಗುಳಿಗಿ ಹಾಕ್ತಿ. ಹೊಲಸ ಯಾರ ತಗೀತಾರ? ನೀ ಏಳೂದ್ರಾಗ ನಾ ಎರಡ ಸಲಾ ನೆಲಾ ಒರಸಿರ್ತೇನಿ. ನನಗೂ ಮೈ ಅನ್ನೂದು ಐತಿಲ್ಲ?"

ಶಿವಲೀಲಾ ತಾಟಿನಲ್ಲಿ ಬೆರಳಾಡಿಸಿದಳು. ವಿಜಯಲಕ್ಷ್ಮಿಯೇ ಮುಂದುವರಿಸಿದಳು. "ಆಲಮಟ್ಟಿ ಒಳಗ ಜೋಹರಾಬಿ ತಮ್ಮ ಅದಾನ, ಯುನೂಸ. ಮೀನ ಹಿಡಿಯೂ ಮನಿ. ಆಕಿ ಸಿಂದಗಿಯಿಂದ ಫೋನ್ ಹಚ್ಚಿ ಕೇಳ್ಯಾಳ. ತರ್ರಿ, ನೋಡ್ಕೋತೇವಿ ಅಂದಾನಂತ. ಅಲ್ಲೆ ಅದಕ್ಕ ತಿನಸಾದ್ರೂ ಸಿಗ್ತೈತಿ."

ಎಲ್ಲರಿಗಿಂತ ಮೊದಲು ಹೌದೆನ್ನುವವಳು ಸಿದ್ದಲಿಂಗವ್ವ ಎಂದು ವಿಜಯಲಕ್ಷ್ಮಿ ಅಂದುಕೊಂಡಿದ್ದಳು. ಆದರೆ ಮುದುಕಿ ರೊಟ್ಟಿಯ ತುಂಡನ್ನು ಮಜ್ಜಿಗೆಯಲ್ಲಿ ಅದ್ದಿ, ಅಲ್ಲೇ ಬಿಟ್ಟಳು.

"ಬ್ಯಾಡ ಬಿಡು. ಇರವಲ್ದ್ಯಾಕ. ಮೂಕ ಪ್ರಾಣಿ."

"ನೀವ ದಿನಾ ಹೊರಗ ಹಾಕ್ರಿ ಅಂತಿದ್ರಿ."

"ಅಂತಿದ್ದೆ. ಸಿಟ್ಟಿನ್ಯಾಗ ಮನಶ್ಯಾ ಏನೇನರ ಅಂತಾನ."

"ಅವ್ವಾ, ಕಾಂತುಂದು ಹೋತಂದ್ರ ಮನಿ ಹೆಂಗ ನಡೀತೈತಿ?" ಎಂದ ಅನಿಲ. ಸಿದ್ದಲಿಂಗವ್ವ ತಾಟು ಸರಿಸಿದಳು. ಎದ್ದು ಕೈ ತೊಳೆದುಕೊಂಡಳು.

ಅನಿಲ ಡ್ಯೂಟಿಗೆ ಹೋಗುವಾಗ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತು ಬೆಕ್ಕನ್ನು ಒಯ್ದ. ಶಿವಲೀಲಾ ಬಾಗಿಲ ತನಕವೂ ಬರಲಿಲ್ಲ. ಅಂದಿನಿಂದ ಅವ್ವನೊಂದಿಗೆ ಮಾತು ಬಿಟ್ಟಳು. ಬೇಕಾದದ್ದನ್ನು ಆಯಿಗೆ, ಅಂದರೆ ಅಜ್ಜಿಗೆ, ಹೇಳುತ್ತಿದ್ದಳು. ಆಯಿ ಅದನ್ನು ಸೊಸೆಗೆ ಹೇಳುತ್ತಿದ್ದಳು.

ಮನೆಯನ್ನು ಒಂದಿಡೀ ದಿನ ತೊಳೆದದ್ದಾಯಿತು. ಚೀಲಗಳನ್ನು ಹಲಗೆಯ ಮೇಲೆ ಎತ್ತಿಟ್ಟದ್ದಾಯಿತು. ಕಾಂತು ಬಂದು ಪಡಸಾಲೆಯಲ್ಲಿ ನಿಂತು ಆಚೆ ಈಚೆ ನೋಡಿ, ಒಂದು ಲೋಟ ಚಹಾ ಕುಡಿದು, ಮರುದಿನದಿಂದ ಮತ್ತೆ ರೊಟ್ಟಿ ಒಯ್ಯತೊಡಗಿದ. ಎದ್ದ ಕೂಡಲೇ ಒಲೆಯ ಮುಂದೆ ಕೂರುವುದು ಎಷ್ಟು ಹಗುರ ಎಂಬುದು ವಿಜಯಲಕ್ಷ್ಮಿಗೆ ಮರೆತೇಹೋಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ಹೋದಳು. ಬಚ್ಚಲ ಹಿಂದೆ, ಕಟ್ಟಿಗೆ ಒಟ್ಟಿದ ಮರೆಯಲ್ಲಿ, ಒಂದು ದೊಡ್ಡ ಬಕೆಟ್ಟಿನಲ್ಲಿ ಕೌದಿ ನೆನೆಹಾಕಿತ್ತು. ಅತ್ತೆಯ ಕೌದಿ. ಎತ್ತಿ ನೋಡಿದಳು. ನೆನೆಹಾಕಿದ್ದರೂ ಕಲೆ ಹೋಗಿರಲಿಲ್ಲ. ಬೆಕ್ಕು ಈ ಮನೆಯಲ್ಲಿ ಇರಲಿಲ್ಲ.

ಕೌದಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದಳು. ಸಿದ್ದಲಿಂಗವ್ವ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಿದ್ದಳು.

"ಅತ್ತಿ, ಕೌದಿಗೆ ಏನಾತ್ರಿ?"

"ಚಹಾ ಚೆಲ್ಲಿತು."

"ಚಹಾ ಅಲ್ಲರಿ ಅದು."

ಸಿದ್ದಲಿಂಗವ್ವ ಒಂದು ಶೇಂಗಾ ಸುಲಿದಳು, ಇನ್ನೊಂದು ಸುಲಿದಳು.

"ಉಗಾದಿ ಆದ ಮ್ಯಾಲಿಂದ ಹಿಂಗಾಗೇತಿ. ಬಂತು ಅನ್ನೂದ್ರಾಗ ಆಗಿ ಬಿಡತೈತಿ. ಬಚ್ಚಲ ತನಕಾ ಹೋಗಾಕ ಬಿಡಂಗಿಲ್ಲ."

"ಬೆಕ್ಕು ಮಾಡೇತಿ ಅಂತಿದ್ರಲ್ಲ, ಅದೆಲ್ಲ?"

"ಎಲ್ಲಾ ನಂದಲ್ಲ. ಅಡಗಿಮನ್ಯಾಗಿಂದು, ಚೀಲದ ಕಡೀದು ಅದರದ. ಕೌದಿದು, ಹಿತ್ತಲ ಬಾಗಲದು ನಂದು."

ವಿಜಯಲಕ್ಷ್ಮಿ ಅಲ್ಲೇ ಹೊಸ್ತಿಲ ಮೇಲೆ ಕುಳಿತಳು. ಬಳಿದದ್ದು, ತೊಳೆದದ್ದು, ಮಗಳು ಮಾತು ಬಿಟ್ಟದ್ದು ಎಲ್ಲ ಒಮ್ಮೆಲೇ ನೆನಪಿಗೆ ಬಂತು. "ಒಂದ ಮಾತ ಹೇಳಾಕ ಏನಾಗಿತ್ತ್ರಿ ನಿಮಗ?"

"ಏನಂತ ಹೇಳ್ಲಿ? ಹೇಳಿದ್ರ ನನ್ನ ಕೈಯಾಗಿನ ಹಿಟ್ಟ ಕಸಗೊಂತಿದ್ದಿ. ಕಸಗೋಬೇಕು, ತಪ್ಪೇನಿಲ್ಲ. ಬೆಕ್ಕಿಂದ ನೋಡಿ ಕಾಂತು ಹಂಗ ಮಾಡಿದಾಂವ, ಮುದಕಿದಂತ ಗೊತ್ತಾದ್ರ ಈ ಕಡಿ ಹಾಯತಿದ್ದನೇನ?" ಅವಳು ಮೊರದಲ್ಲಿದ್ದ ಸಿಪ್ಪೆಯನ್ನು ಒತ್ತಟ್ಟಿಗೆ ಸರಿಸಿದಳು. "ರೊಟ್ಟಿ ಬಡಿಯೂದು ಬಿಟ್ರ ನಾ ಈ ಮನ್ಯಾಗ ಏನ ಮಾಡ್ಲೆವಾ? ಕುಂತ ಕೂಳ ಉಣ್ಣಲೇನು?"

ವಿಜಯಲಕ್ಷ್ಮಿ ಎದ್ದು ಹಿತ್ತಲಿಗೆ ಹೋಗಿ, ಕೌದಿಗೆ ಸಾಬಾನು ಹಚ್ಚಿ, ಕಲ್ಲಿನ ಮೇಲೆ ಹಾಕಿ ತೋಳು ಸೋಲುವ ತನಕ ಬಡಿದಳು. ನೀರು ಕುಡಿದ ಕೌದಿ ಒಬ್ಬಳಿಂದ ಎತ್ತಲಾಗದಷ್ಟು ಭಾರವಾಗಿತ್ತು. ಹಿಂಡಲು ಇನ್ನೊಂದು ತುದಿಯನ್ನು ಯಾರೋ ಹಿಡಿದರು. ತಲೆಯೆತ್ತಿದರೆ ಸಿದ್ದಲಿಂಗವ್ವ.

"ನಾಳಿ ಡಾಕ್ಟರಬಾಯಿ ಕಡಿ ಹೋಗೂನ್ರಿ."

"ಅನಿಲಗ ಹೇಳಬ್ಯಾಡ. ಹುಡಿಗೀಗೂ ಹೇಳಬ್ಯಾಡ. ನನಗ ಮಾತ ಕೊಡು."

"ಹೇಳೂದಿಲ್ರಿ."

ಲೇಡಿ ಡಾಕ್ಟರು ನೋಡಿ, ಕೇಳಿ, ವಯಸ್ಸಿಗೆ ಒಳಗಿನ ಸ್ನಾಯುಗಳು ಸಡಿಲಾಗಿವೆ, ಆರು ಹೆರಿಗೆ ಆದ ಮೈ ಎಂದರು. ಹೊಟ್ಟೆ ಗಟ್ಟಿಯಾಗಲು ಔಷಧ ಬರೆದರು, ಕುಳಿತಲ್ಲೇ ಮಾಡುವ ಒಂದು ಕಸರತ್ತು ಹೇಳಿದರು, ಒಳಗೆ ಹಾಕಿಕೊಳ್ಳುವ ಪ್ಯಾಡು ತೋರಿಸಿದರು. ವಿಜಯಲಕ್ಷ್ಮಿ ರೊಟ್ಟಿಯ ವಿಷಯ ಕೇಳಿದಾಗ, "ಇದು ಅಂಟೂ ರೋಗ ಅಲ್ಲ. ಕೈ ಸಾಬಾನ ಹಚ್ಚಿ ಸ್ವಚ್ಛ ತೊಳಕೊಂಡ್ರ ಬಡೀಲಿ. ಹೊಟ್ಟಿ ಕೆಟ್ಟ ದಿನ ಮಾತ್ರ ಬ್ಯಾಡ," ಎಂದರು. ಹೊರಗೆ ಬಂದ ಮೇಲೆ ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ, "ಆ ಡಾಕ್ಟರಬಾಯಿ ಬೈಯಲಿಲ್ಲ ನೋಡು," ಎಂದಳು.

ಬಚ್ಚಲ ಹತ್ತಿರ ಹೊಸ ಸಾಬಾನು ಬಂತು. ಒಂದು ಗೋಣಿ ತುಂಬ ಹಳೆಯ ಅರಿವೆ ಬಂತು. ಒಲೆಯ ಮುಂದೆ ಸಿದ್ದಲಿಂಗವ್ವ ಕುಳಿತ ಮಣೆ ಹಿತ್ತಲ ಬಾಗಿಲ ಸಮೀಪಕ್ಕೆ ಸರಿಯಿತು. ಏನಾದರೂ ಆದ ದಿನ ಅವಳು "ಇವತ್ತ ನನಗ ಕೈ ನೋಯಾಕತ್ತೈತಿ" ಎನ್ನುತ್ತಿದ್ದಳು; ವಿಜಯಲಕ್ಷ್ಮಿ ಒಬ್ಬಳೇ ಎಲ್ಲ ಬಡಿಯುತ್ತಿದ್ದಳು. ಬೆಕ್ಕು ಹೋದ ಮೇಲೆ ಹಗುರಾದೀತೆಂದುಕೊಂಡ ಕೆಲಸ ಹಗುರಾಗಲಿಲ್ಲ. ಈಗ ಅದನ್ನು ಯಾರ ಮುಂದೆಯೂ ಆಡುವ ಹಾಗಿರಲಿಲ್ಲ, ಅಷ್ಟೇ.

ಶಿವಲೀಲಾ ಒಂದು ಸಂಜೆ ಊಟಕ್ಕೆ ಕುಳಿತು ಬಾಯಿ ಬಿಟ್ಟಳು. ಅಷ್ಟು ದಿನಗಳ ಮೇಲೆ ಅವ್ವನಿಗೆ ಆಡಿದ ಮೊದಲ ಮಾತು.

"ಒಮ್ಮೆಯಾದ್ರೂ ಕಬರಿ ಹೆಂಗೈತಿ ಅಂತ ಕೇಳೀಯೇನ ಯಾರನರ?"

"ನಿಮ್ಮಪ್ಪ ಹೇಳ್ಯಾನಲ್ಲ, ಚಲೋ ಐತಿ ಅಂತ."

"ಬಿಟ್ಟು ಬಂದ ಮ್ಯಾಲ ಪಪ್ಪಾ ಯುನೂಸನ ಮನಿಗಿ ಹೋಗೇ ಇಲ್ಲ. ಸುಳ್ಳ ಹೇಳ್ತಾನ. ನಿನಗ ರೊಟ್ಟೀನ ಹೆಚ್ಚು. ಬ್ಯಾನಿ ಬಿತ್ತು, ಹೊಲಸ ಮಾಡ್ತು ಅಂದ ಕೂಡ್ಲೆ ಹೊರಗ ಹಾಕಿದಿ. ನಾಳಿ ನಾನರ ಬ್ಯಾನಿ ಬಿದ್ರ ನನ್ನೂ ಯಾರದರ ಮನಿಗಿ ಕಳಸ್ತಿ."

ಅನಿಲ, "ಏ, ಬಾಯಿ ಮುಚ್ಚು," ಎಂದ. ವಿಜಯಲಕ್ಷ್ಮಿ ಅತ್ತೆಯ ಕಡೆಗೆ ನೋಡಲಿಲ್ಲ. ನೋಡಿದರೆ ಬೇರೆ ಏನಾದರೂ ಬಾಯಿಂದ ಬಂದೀತೆಂದು ಎದ್ದು ಹೋಗಿ, ಬೇಡದಿದ್ದರೂ ಇನ್ನೊಂದು ಚರಿಗೆ ನೀರು ತಂದಿಟ್ಟಳು.

"ಐತ್ವಾರ ಹೋಗಿ ತರೂನು," ಎಂದಳು ಸಿದ್ದಲಿಂಗವ್ವ.

ಮೂವರೂ ಅವಳತ್ತ ತಿರುಗಿದರು.

"ಬೆಕ್ಕ. ಆಲಮಟ್ಟಿಗೆ ಹೋಗಿ ತರೂನು. ನಾನೂ ಬರ್ತೇನಿ."

ತಾಟು ತೊಳೆಯುವಾಗ ವಿಜಯಲಕ್ಷ್ಮಿ ಕೇಳಿದಳು, ಸಣ್ಣ ದನಿಯಲ್ಲಿ. "ಬೆಕ್ಕು ಮನ್ಯಾಗ ಇದ್ರ ನಿಮಗ ಚಲೋ ಅಲ್ರಿ? ಆದದ್ದೆಲ್ಲ ಅದರ ಮ್ಯಾಲ ಹಾಕಬಹುದು."

ಸಿದ್ದಲಿಂಗವ್ವ ಸುಳ್ಳು ಹೇಳಲಿಲ್ಲ. "ಹೌದವಾ," ಎಂದಳು.

ಭಾನುವಾರ ಮೂವರು ಹೆಂಗಸರು ಖಾಲಿ ಬುಟ್ಟಿ ಹಿಡಿದು ಬಸ್ಸು ಹತ್ತಿದರು. ಹೊರಡುವ ಮುಂಚೆ ಸಿದ್ದಲಿಂಗವ್ವ ಒಂದು ತುತ್ತನ್ನೂ ತಿಂದಿರಲಿಲ್ಲ. ಕಪ್ಪು ನೆಲದಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಶಿವಲೀಲಾ ಕಿಟಕಿಯ ಹತ್ತಿರ ಕುಳಿತು, ಅಲ್ಲಿ ತಲುಪುವ ತನಕ ಅತ್ತ ಮುಖ ತಿರುಗಿಸಿಯೇ ಇದ್ದಳು.

ಯುನೂಸನ ಮನೆ ಹಿನ್ನೀರಿನ ಕಡೆ ಇಳಿಯುವ ದಾರಿಯಲ್ಲಿತ್ತು. ತಗಡಿನ ಮುಂಗಟ್ಟು, ಅದರ ಕೆಳಗೆ ಬಲೆ ಹರವಿ ಅವನು ಹರಿದಲ್ಲಿ ಹೊಲಿಯುತ್ತಿದ್ದ. ಇವರನ್ನು ಕಂಡು ಎದ್ದು, ಕೂರಲು ಹಗ್ಗದ ಹೊರಸು ಝಾಡಿಸಿ ಹಾಕಿದ. ಕಬರಿ ಮಗುಚಿಟ್ಟ ಮಂಕರಿಯ ಮೇಲೆ ಮಲಗಿತ್ತು. ಮೈ ತುಂಬಿತ್ತು. ಬೆನ್ನೆಲುಬು ಕಾಣುತ್ತಿರಲಿಲ್ಲ, ಕರಿ ಮಚ್ಚೆಗಳು ಎಣ್ಣೆ ಹಚ್ಚಿದಂತೆ ಮಿಂಚುತ್ತಿದ್ದವು.

"ಮೊದಲ ಭಾಳ ಕಾಡಿತ್ರಿ," ಎಂದ ಯುನೂಸ. "ಜೋಹರಾ ಅಕ್ಕ ಹೇಳಿದಂಗ ಸಪ್ಪಗ ಕುದಿಸಿದ ಮೀನ ಬಿಟ್ಟು ಏನೂ ಹಾಕಲಿಲ್ಲ. ಗುಳಿಗಿ ನನ್ನ ಹೇಣ್ತಿ ಅರದ ಹಾಕ್ತಾಳ. ಪೂರ್ತಿ ಕಡಿಮಿ ಆಗೇತಂತ ಹೇಳೂದಿಲ್ಲ, ಒಮ್ಮೊಮ್ಮೆ ಆಗತೈತಿ. ಆದ್ರ ಇಲ್ಲೆ ಹೊರಗ ಉಸುಕು ಐತಲ್ರಿ, ತಾನ ಹೋಗಿ ಮಾಡಿ ಮುಚ್ಚಿ ಬರ್ತೈತಿ. ನಮಗೇನ ತ್ರಾಸಿಲ್ಲ."

ಶಿವಲೀಲಾ ಹೆಸರು ಹಿಡಿದು ಕರೆದಳು. ಬೆಕ್ಕು ಕಣ್ಣು ಬಿಟ್ಟು, ಮೈ ಮುರಿದು, ಇಳಿದು ಬಂದು ಅವಳ ಕಾಲಿಗೆ ತಲೆ ಉಜ್ಜಿತು. ಅವಳು ಅದನ್ನು ಎತ್ತಿ ಕುತ್ತಿಗೆಗೆ ಒತ್ತಿಕೊಂಡಳು.

"ಗುರುತ ಹಿಡೀತು ನೋಡು ಆಯಿ. ನಡೀರಿ ಹೋಗೂನು."

ಯುನೂಸನ ಹೆಂಡತಿ ಚಹಾ ತಂದವಳು ಬಾಗಿಲಲ್ಲೇ ನಿಂತಳು. ವಿಜಯಲಕ್ಷ್ಮಿ ಬುಟ್ಟಿಯ ಮುಚ್ಚಳ ತೆಗೆದಿದ್ದಳು. ಒಯ್ದರೆ ಮಗಳು ಮಾತಾಡುತ್ತಾಳೆ. ಅತ್ತೆಗೆ ಒಂದು ಮರೆ ಸಿಗುತ್ತದೆ. ಕಾಂತುವನ್ನು ಹೇಗಾದರೂ ಸಮಾಧಾನ ಮಾಡಬಹುದು. ಬಳಿಯುವುದು ಹೇಗೂ ತನಗೆ ತಪ್ಪಿದ್ದಲ್ಲ. ಅವಳು ಮುಚ್ಚಳ ಹಿಡಿದುಕೊಂಡೇ ನಿಂತಳು.

"ಶಿವಲೀಲಾ, ಅದನ್ನ ಇಳಸು," ಎಂದಳು ಸಿದ್ದಲಿಂಗವ್ವ.

"ನೀನ ತರೂನಂದಿ."

"ಅಂದೆ. ನನ್ನ ಸಲುವಾಗಿ ಅಂದೆ, ಅದರ ಸಲುವಾಗಿ ಅಲ್ಲ. ಈಕಡೆ ಬಾ."

ಮೊಮ್ಮಗಳ ರಟ್ಟೆ ಹಿಡಿದು ಅವಳು ಮುಂಗಟ್ಟಿನಾಚೆ ನಾಲ್ಕು ಹೆಜ್ಜೆ ಕರೆದುಕೊಂಡು ಹೋದಳು. ವಿಜಯಲಕ್ಷ್ಮಿಯೂ ಹಿಂದೆ ಹೋದಳು.

"ಮನ್ಯಾಗ ಆದದ್ದೆಲ್ಲಾ ಇದು ಮಾಡಿದ್ದಲ್ಲ. ಅರ್ಧಾ ನಂದು. ನನಗ ತಡಕೊಳ್ಳಾಕ ಆಗವಲ್ದು ಈಗ. ಕೌದಿ ಕೆಡಸ್ತಿದ್ದಾಕಿ ನಾ, ಹೆಸರ ಇದರದು ಹೇಳತಿದ್ದೆ. ಇದನ್ನ ಒಯ್ದ್ರ ಮತ್ತ ಹಂಗ ಹೇಳತೇನಿ, ನನಗ ಗೊತ್ತೈತಿ. ಇದು ಇಲ್ಲೆ ಗುಂಡುಗುಂಡ ಆಗೇತಿ. ಬಿಡು ಅದನ್ನ."

ಶಿವಲೀಲಾ ಆಯಿಯನ್ನು ನೋಡಿದಳು, ಆಮೇಲೆ ಅವ್ವನನ್ನು.

"ನಿನಗ ಗೊತ್ತಿತ್ತೇನ?"

"ಈಗೀಗ ಗೊತ್ತಾತು."

"ನಾ ಅಷ್ಟ ಅಂದೆ. ನೀ ಒಂದ ಮಾತ ತಿರುಗಿ ಆಡಲಿಲ್ಲ."

"ಹೇಳಬ್ಯಾಡಂತ ಮಾತ ತಗೊಂಡಿದ್ರು."

ಹುಡುಗಿ ಬೆಕ್ಕಿನ ಕಿವಿಯ ಹಿಂದೆ ಮುಖ ಹುದುಗಿಸಿದಳು. ಆಮೇಲೆ ಬಗ್ಗಿ ನೆಲಕ್ಕೆ ಬಿಟ್ಟಳು. ಕಬರಿ ಇವರನ್ನು ದಾಟಿಕೊಂಡು, ಬಿಸಿಲು ಬಿದ್ದ ಬಲೆಯ ಹತ್ತಿರ ಹೋಗಿ ಕುಳಿತು ಕಾಲು ನೆಕ್ಕತೊಡಗಿತು. ಒಂದು ತುಂಡು ಕಾಗದದ ಮೇಲೆ ಶಿವಲೀಲಾ ತನ್ನ ನಂಬರು ಬರೆದುಕೊಟ್ಟಳು. ಫೋಟೋ ಕಳಿಸಿರೆಂದು ಅವನ ಹೆಂಡತಿಗೆ ಹೇಳಿದಳು. ಚಹಾ ಕುಡಿದರು. ಸಿದ್ದಲಿಂಗವ್ವ ಒಲ್ಲೆ ಒಲ್ಲೆ ಎನ್ನುತ್ತಲೇ ಕುಡಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಜನ ಬಹಳವಿತ್ತು. ಆಲಮಟ್ಟಿ ದಾಟಿ ಸ್ವಲ್ಪ ದೂರ ಬಂದಿರಬೇಕು, ಸಿದ್ದಲಿಂಗವ್ವ ಸೆರಗು ಬಿಗಿ ಹಿಡಿದುಕೊಂಡು ನೆಟ್ಟಗೆ ಕುಳಿತಳು. ಹಣೆಯ ವಿಭೂತಿ ಬೆವರಿಗೆ ತೊಯ್ದಿತ್ತು. ವಿಜಯಲಕ್ಷ್ಮಿಗೆ ಕೂಡಲೇ ತಿಳಿಯಿತು. ಮುಂದಿನ ಸೀಟು ಹಿಡಿದು ಏಳಹೊರಟಳು.

ಸಿದ್ದಲಿಂಗವ್ವ ಮೊಮ್ಮಗಳ ಕಡೆ ಬಾಗಿದಳು. "ನಿಲ್ಲಸಂತ ಹೇಳವಾ," ಎಂದಳು.

ಶಿವಲೀಲಾ ಎದ್ದಳು. ನಿಂತ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕಂಡಕ್ಟರನಿಗೆ ಹೇಳಿದ್ದು ಹಿಂದಿನ ಸೀಟಿನ ತನಕ ಕೇಳಿತು.

"ನಮ್ಮ ಆಯಿ ಇಳೀಬೇಕಾಗೇತ್ರಿ. ನಿಲ್ಲಸ್ರಿ."

"ಇಲ್ಲಿ ಸ್ಟಾಪಿಲ್ಲವ್ವಾ."

"ಗೊತ್ತೈತ್ರಿ. ಆಕೀಗಿ ಹೊಟ್ಟಿ ಸರಿಯಿಲ್ಲ. ನಿಲ್ಲಸ್ರಿ."

ಕಂಡಕ್ಟರ ಗೊಣಗುತ್ತ ಸೀಟಿ ಊದಿದ. ಬಸ್ಸು ಜಾಲಿ ಕಂಟಿಗಳ ಪಕ್ಕದಲ್ಲಿ ನಿಂತಿತು. ಶಿವಲೀಲಾ ಅವ್ವನ ಕೈಚೀಲದಿಂದ ನೀರಿನ ಬಾಟಲಿ, ಒಂದು ಅರಿವೆ ತೆಗೆದುಕೊಂಡಳು.

"ನಾ ಬರ್ತೇನಿ ತಡಿ," ವಿಜಯಲಕ್ಷ್ಮಿ ಎದ್ದಳು.

"ನೀ ಕುಂದ್ರು," ಎಂದಳು ಮಗಳು.

ಆಯಿಯ ಕಂಕುಳಿಗೆ ಕೈ ಕೊಟ್ಟು ಮೆಟ್ಟಿಲಿಳಿಸಿ ಅವಳು ಕಂಟಿಯ ಮರೆಗೆ ಕರೆದುಕೊಂಡು ಹೋದಳು. ಯಾರೋ ಕೈಗಡಿಯಾರ ನೋಡಿಕೊಂಡರು. ಯಾರೋ ತಡವಾಯಿತೆಂದರು. ಡ್ರೈವರ ಇಂಜಿನ್ ಬಂದ್ ಮಾಡಿದ. ವಿಜಯಲಕ್ಷ್ಮಿ ಮತ್ತೆ ಕುಳಿತಳು. ಸೀಟಿಗೆ ಬೆನ್ನು ಕೊಟ್ಟಳು. ಕಿಟಕಿಯಿಂದ ಗಾಳಿ ಬರುತ್ತಿತ್ತು. ಅವರಿಬ್ಬರೂ ತಿರುಗಿ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು.